ಕೂಳೆಗೆ ತಾಗಿದ ಚೆಂಡು

ಸಾಸ್ತಾನದಲ್ಲಿ ಹೆದ್ದಾರಿ ಬಿಟ್ಟು ಪಡುವಣಕ್ಕೆ ತಿರುಗಿದರೆ ಹಂಗಾರಕಟ್ಟೆ. ಸೀತಾನದಿ ಕಡಲು ಸೇರುವ ಮುಂಚೆ ಮೈಚೆಲ್ಲಿ ಅಗಲವಾಗುವ ಜಾಗ. ಆಚೆ ದಡದಲ್ಲಿ ಕೋಡಿ ಬೆಂಗ್ರೆಯ ತೆಂಗಿನ ಸಾಲು, ಈಚೆ ಹಳೇ ಬಂದರು, ದಡಕ್ಕೆ ಎಳೆದಿಟ್ಟ ದೋಣಿಗಳು, ಒಣಗಲು ಹರಡಿದ ಬಲೆ. ಗಾಳಿಗೆ ಉಪ್ಪಿನ ಜೊತೆ ಡೀಸೆಲ್ ವಾಸನೆಯೂ ಇದೆ.

ಊರ ಬೈಲಿನಲ್ಲಿ ಕೊಯ್ಲು ಮುಗಿದ ಮೇಲೆ ಗದ್ದೆ ಹುಡುಗರದ್ದು. ಪಿಚ್ಚಿನಷ್ಟು ಜಾಗದಲ್ಲಿ ಮಾತ್ರ ಕೂಳೆ ಕೆತ್ತಿ, ನೀರು ಚಿಮುಕಿಸಿ, ಬಡಿದು ಗಟ್ಟಿ ಮಾಡುತ್ತಾರೆ. ಉಳಿದದ್ದು ಕೊಯ್ದು ಬಿಟ್ಟ ಹಾಗೆಯೇ: ಕೂಳೆ, ಬಿರುಕು, ದನ ತುಳಿದು ಒಣಗಿದ ಗೊರಸಿನ ಗುಳಿ. ಇಲ್ಲಿ ಟೆನಿಸ್ ಚೆಂಡು ನೆಲಕ್ಕೆ ಬಿದ್ದ ಮೇಲೆ ಎತ್ತ ಹೋಗುತ್ತದೆಂದು ಹೊಡೆದವನಿಗೂ ಗೊತ್ತಿಲ್ಲ.

ನೋಡುವವರ ಕಣ್ಣೆಲ್ಲ ಬ್ಯಾಟಿನ ಮೇಲೆ. ನನಗೆ ಕಂಡದ್ದು ಎಡಬದಿಗೆ ಹತ್ತಿರದಲ್ಲಿ ನಿಂತ ಒಬ್ಬ ಹುಡುಗ. ಲುಂಗಿ ಮೊಣಕಾಲ ಮೇಲೆ, ಬರಿಗಾಲು, ಬಾಗಿದ ಬೆನ್ನು. ಬೌಲರ್ ಕೈಯೆತ್ತಿದಾಗ ಎರಡು ಹೆಜ್ಜೆ ಮುಂದೆ ಬಂದು ಹಿಮ್ಮಡಿ ಎತ್ತುತ್ತಾನೆ. ಚೆಂಡು ಬಂತು, ಕೂಳೆಗೆ ತಾಗಿ ಮುಖದತ್ತ ಚಿಮ್ಮಿತು. ಅವನು ಕೈಯನ್ನು ಚೆಂಡಿಗೆ ಒಡ್ಡಲಿಲ್ಲ, ಅದರ ಜೊತೆಗೇ ಹಿಂದಕ್ಕೆ ತಂದ. ಮೆತ್ತನೆಯ ಚೆಂಡಿಗೆ ಅಂಗೈ ಗಟ್ಟಿಯಾಗಿ ಕೊಟ್ಟರೆ ಅದು ಪುಟಿದು ಹೋಗುತ್ತದೆ. ಬೆರಳು ಮುಚ್ಚುವ ಮೊದಲೇ ಅವನ ಕಣ್ಣು ಗೂಟದ ಕಡೆ ತಿರುಗಿತ್ತು. ‘ಎದ್ರ್ ಹೋಯ್ ಹಿಡಿ ಮಾರಾಯಾ’ ಎಂದು ಕಟ್ಟಹುಣಿಯ ಮೇಲಿಂದ ಕೂಗುತ್ತಿದ್ದವರು ಸುಮ್ಮನಾದರು. ಚಪ್ಪಾಳೆ ಮಾತ್ರ ಬರಲಿಲ್ಲ. ತಡೆದ ಓಟಕ್ಕೆ ನಮ್ಮಲ್ಲಿ ಚಪ್ಪಾಳೆ ಕಡಿಮೆ.

ಇದೇ ಕೆಲಸವನ್ನು ಸಂಬಳಕ್ಕೆ ಮಾಡುವವರು ಅಮೆರಿಕದ ಬೇಸ್‌ಬಾಲ್‌ನಲ್ಲಿದ್ದಾರೆ, ಇನ್‌ಫೀಲ್ಡರ್‌ಗಳು. ಅವರಲ್ಲಿ ಹೆಚ್ಚು ಕಷ್ಟದ ಜಾಗ ಶಾರ್ಟ್‌ಸ್ಟಾಪ್, ಎರಡನೆಯ ಮತ್ತು ಮೂರನೆಯ ಬೇಸ್‌ಗಳ ನಡುವೆ. ಬೇಸಿನಿಂದ ಬೇಸಿಗೆ 90 ಅಡಿ. ಹೊಡೆದವನು ಮೊದಲ ಬೇಸ್ ಮುಟ್ಟಲು ನಾಲ್ಕು ಸೆಕೆಂಡಿನ ಆಚೀಚೆ ಸಾಕು. ನೆಲಕ್ಕೆ ಬಡಿದು ಬರುವ ಚೆಂಡನ್ನು ಅಷ್ಟರೊಳಗೆ ಹಿಡಿದು, ಮೈದಾನದ ಆ ತುದಿಗೆ ಎಸೆದಿರಬೇಕು.

ಆ ಜಾಗದ ದೊಡ್ಡ ಹೆಸರು ಆಜ಼ಿ ಸ್ಮಿತ್. 1954ರಲ್ಲಿ ಅಲಬಾಮಾದ ಮೊಬೈಲ್‌ನಲ್ಲಿ ಹುಟ್ಟಿ, ಲಾಸ್ ಏಂಜಲೀಸ್‌ನ ಬಡವರ ಬಡಾವಣೆ ವಾಟ್ಸ್‌ನಲ್ಲಿ ಬೆಳೆದವನು. ಅಪ್ಪ ಲಾರಿ ಓಡಿಸುತ್ತಿದ್ದರು. 1965ರ ಗಲಭೆಯ ದಿನಗಳಲ್ಲಿ ಮನೆಮಂದಿ ನೆಲದ ಮೇಲೆ ಮಲಗಿದ್ದರಂತೆ. ಆಟಕ್ಕೆ ಜೊತೆ ಸಿಗದಾಗ ಹುಡುಗ ಅಂಗಾತ ಮಲಗಿ, ಕಣ್ಣುಮುಚ್ಚಿ ಚೆಂಡು ಮೇಲಕ್ಕೆಸೆದು ಹಿಡಿಯುತ್ತಿದ್ದ. ಮನೆಯ ಮಾಡಿನ ಮೇಲಿಂದ ಎಸೆದು ಆಚೆ ಬದಿಗೆ ಓಡುವುದೂ ಇತ್ತು.

1978ರ ಏಪ್ರಿಲ್ 20. ಸ್ಯಾನ್ ಡಿಯೇಗೊ ಪಾಡ್ರೆಸ್ ತಂಡಕ್ಕೆ ಆಡಲು ತೊಡಗಿ ಆತನಿಗೆ ಅದು ಹತ್ತನೆಯ ಪಂದ್ಯ. ಅಟ್ಲಾಂಟಾದ ಜೆಫ್ ಬರೋಸ್ ಹೊಡೆದ ಚೆಂಡು ನಡುವಿನಿಂದ ನುಗ್ಗಿತು. ಸ್ಮಿತ್ ಎಡಕ್ಕೆ ಹಾರಿದ. ಮೈ ಗಾಳಿಯಲ್ಲಿರುವಾಗಲೇ ಚೆಂಡು ನೆಲಕ್ಕೆ ತಾಗಿ ಹಿಂದಕ್ಕೆ ವಾಲಿತು. ಗ್ಲೌಸ್ ಇದ್ದ ಎಡಗೈ ಮುಂದೆ, ಚೆಂಡು ಹಿಂದೆ. ಆತ ಬರಿಯ ಬಲಗೈಯನ್ನು ಹಿಂದಕ್ಕೆ ಚಾಚಿ ಅದನ್ನು ಹಿಡಿದ, ಬಿದ್ದಲ್ಲಿಂದ ಎದ್ದು ಮೊದಲ ಬೇಸಿಗೆ ಎಸೆದ. ಬರೋಸ್ ಔಟ್. ಆ ತುಣುಕನ್ನು ಈಗ ಫೋನಿನಲ್ಲಿ ಯಾರು ಬೇಕಾದರೂ ನೋಡಬಹುದು. ನಿಧಾನಗತಿಯಲ್ಲಿ ನೋಡಿದರೂ ನಂಬಿಕೆ ಬರುವುದಿಲ್ಲ.

ಬ್ಯಾಟಿನಲ್ಲಿ ಮಾತ್ರ ಆಗ ಆತ ದುರ್ಬಲ. ಮರುವರ್ಷ ಋತುವಿನ ಆರಂಭದಲ್ಲಿ 32 ಸರದಿ ಸತತ ವಿಫಲ. ಮುಂದೆ ಸಂಬಳದ ಜಗಳ ಬಿಸಿಯಾದಾಗ, ಆತನ ಏಜೆಂಟ್ ‘ಬೇಸ್‌ಬಾಲ್ ಆಟಗಾರನಿಗೆ ಉಪಕೆಲಸ ಬೇಕಾಗಿದೆ’ ಎಂಬ ಅರ್ಥದ ಜಾಹೀರಾತನ್ನೇ ಪತ್ರಿಕೆಗೆ ಕೊಟ್ಟ. ತಂಡದ ಮಾಲೀಕನ ಹೆಂಡತಿ ಜೋನ್ ಕ್ರಾಕ್ ತನ್ನ ತೋಟದಲ್ಲಿ ಸಹಾಯಕ ಮಾಲಿಯ ಕೆಲಸ ಕೊಡುತ್ತೇನೆಂದಳು. ತಮಾಷೆಯೋ ಚುಚ್ಚುಮಾತೋ, ಸ್ಯಾನ್ ಡಿಯೇಗೊದಲ್ಲಿ ಆತ ಹೆಚ್ಚು ದಿನ ನಿಲ್ಲಲಿಲ್ಲ. 1982ಕ್ಕೆ ಸೇಂಟ್ ಲೂಯಿಸ್ ಕಾರ್ಡಿನಲ್ಸ್ ಸೇರಿದ. ಅದೇ ವರ್ಷ ಆ ತಂಡ ವರ್ಲ್ಡ್ ಸೀರೀಸ್ ಗೆದ್ದಿತು.

ಅಲ್ಲಿನ ಮೈದಾನಕ್ಕೆ ಆಗ ಕೃತಕ ಹುಲ್ಲು. ಚೆಂಡು ವೇಗವಾಗಿ ಬರುತ್ತದೆ, ಮೋಸ ಮಾಡುವುದಿಲ್ಲ. ಕೂಳೆ ಗದ್ದೆಯಲ್ಲಿ ಕಲಿತವರಿಗೆ ಅದು ಸ್ವರ್ಗ ಎನ್ನಿಸಬಹುದು! ತಂಡದ ಮ್ಯಾನೇಜರ್ ವೈಟಿ ಹರ್ಜೋಗ್ ಈ ನೆಲವನ್ನೇ ನೆಚ್ಚಿ ಸ್ಮಿತ್ ಜೊತೆ ಪಂಥ ಕಟ್ಟಿದ: ಆಕಾಶಕ್ಕೆ ಹೊಡೆದರೆ ನೀನು ನನಗೆ ಒಂದು ಡಾಲರ್, ನೆಲಕ್ಕೆ ಹೊಡೆದರೆ ನಾನು ನಿನಗೆ ಒಂದು. ಋತು ಮುಗಿಯುವಾಗ ಹರ್ಜೋಗ್ ಸುಮಾರು 300 ಡಾಲರ್ ಸೋತಿದ್ದ.

ಬೇಸ್‌ಬಾಲ್‌ನ ಲೆಕ್ಕ ಬರೆಯುವವರನ್ನು ಇಲ್ಲೊಂದಕ್ಕೆ ಮೆಚ್ಚಬೇಕು. ಫೀಲ್ಡರ್ ತಪ್ಪಿದರೆ ಅವನ ಹೆಸರಿಗೇ ತಪ್ಪು, ಔಟ್ ಮಾಡಲು ಎಸೆದುಕೊಟ್ಟರೆ ಅವನ ಹೆಸರಿಗೇ ‘ಅಸಿಸ್ಟ್’. ಶಾರ್ಟ್‌ಸ್ಟಾಪ್ ಆಗಿ ಸ್ಮಿತ್‌ನ ಹೆಸರಿನಲ್ಲಿ ಅಂಥ 8,375 ಇವೆ. ಆ ಜಾಗದಲ್ಲಿ ಅದನ್ನು ಮೀರಿದವರಿಲ್ಲ. ನಮ್ಮ ಕ್ರಿಕೆಟ್‌ನಲ್ಲಿ ಕ್ಯಾಚಿಗೊಂದು ಲೆಕ್ಕವುಂಟು. ಸ್ಲಿಪ್‌ನಲ್ಲಿ ನಿಂತು ನಿಂತು ರಾಹುಲ್ ದ್ರಾವಿಡ್ ಟೆಸ್ಟ್‌ಗಳಲ್ಲಿ 210 ಹಿಡಿದದ್ದು ವಿಶ್ವದಾಖಲೆಯಾಗಿತ್ತು. 2025ರಲ್ಲಿ ಲಾರ್ಡ್ಸ್‌ನಲ್ಲಿ ಜೋ ರೂಟ್ ಅದನ್ನು ದಾಟಿದ. ಹಿಡಿದದ್ದು ಕರ್ನಾಟಕದವನೇ ಆದ ಕರುಣ್ ನಾಯರ್ ಹೊಡೆದ ಚೆಂಡನ್ನು! ಆದರೆ ಉಳಿಸಿದ ಓಟಕ್ಕೆ ಸ್ಕೋರ್ ಪುಸ್ತಕದಲ್ಲಿ ಕಲಂ ಇಲ್ಲ. ಹಂಗಾರಕಟ್ಟೆಯ ಗದ್ದೆಯಲ್ಲಿ ಶಾಲೆಯ ನೋಟ್‌ಬುಕ್ಕಿನಲ್ಲಿ ಲೆಕ್ಕ ಬರೆಯುತ್ತಿದ್ದ ಪೋರ, ಆ ಎಡಬದಿಯ ಹುಡುಗ ತಡೆದ ಚೆಂಡಿಗೆ ಒಂದು ಚುಕ್ಕಿ ಇಟ್ಟ. ಚುಕ್ಕಿಯೂ ಬೌಲರಿನದೇ.

ಸ್ಮಿತ್ 1980ರಿಂದ 1992ರವರೆಗೆ ಸತತ 13 ವರ್ಷ ಫೀಲ್ಡಿಂಗ್‌ಗೆ ಕೊಡುವ ಗೋಲ್ಡ್ ಗ್ಲೌ ಪ್ರಶಸ್ತಿ ಪಡೆದ. 1996ರಲ್ಲಿ ನಿವೃತ್ತನಾದಾಗ ಇಡೀ ವೃತ್ತಿಜೀವನದ ಹೋಮ್‌ರನ್ ಬರೀ 28. ದೊಡ್ಡ ಹೊಡೆತಗಾರರು ಒಂದೇ ವರ್ಷದಲ್ಲಿ ಅದನ್ನು ದಾಟುತ್ತಾರೆ. 1987ರಲ್ಲಂತೂ ಒಂದೂ ಇಲ್ಲ. ಆದರೂ ನ್ಯಾಷನಲ್ ಲೀಗಿನ ಅತ್ಯಮೂಲ್ಯ ಆಟಗಾರನ ಮತದಾನದಲ್ಲಿ ಆತ ಎರಡನೆಯವನು. 2002ರಲ್ಲಿ, ಮತಪಟ್ಟಿಗೆ ಹೆಸರು ಬಂದ ಮೊದಲ ವರ್ಷವೇ, ಹಾಲ್ ಆಫ್ ಫೇಮ್ ಸೇರಿದ.