ಹಕೀಮರ ಚೀಟಿಯನ್ನು ಡಾಕ್ಟರಿಗೂ ತೋರಿಸೋಣ

ಜುಮಾ ದಿನ ಸಾಲಿನ ಅಂಚಿಗೆ ಕುರ್ಚಿ ಹಾಕಿಕೊಂಡು ನಮಾಝ್ ಮಾಡುವ ಹಿರಿಯರು ನಮ್ಮ ದೇವನಹಳ್ಳಿಯ ಮಸೀದಿಗಳಲ್ಲೂ ಇದ್ದಾರೆ. ಮಂಡಿ ಮಡಚಿ ಸಜ್ದಾ ಮಾಡಲು ಅವರಿಗೆ ಆಗದು. ವಿಜಯಪುರದ ಕಡೆ ರೇಷ್ಮೆ ನೂಲು ಬಿಚ್ಚುವ ಮನೆಗಳಲ್ಲಿ ಬಿಸಿನೀರಿನ ತೊಟ್ಟಿಯ ಮುಂದೆ ದುಡಿದು ಸೊಂಟ, ಭುಜ ಹಿಡಿದುಕೊಂಡ ಹೆಂಗಸರಿದ್ದಾರೆ. ಮೂರು ತಿಂಗಳು ಮೀರಿ ಉಳಿಯುವ ಇಂಥ ನೋವನ್ನು ವೈದ್ಯರು ದೀರ್ಘಕಾಲದ ನೋವು ಎನ್ನುತ್ತಾರೆ.

ನಮ್ಮ ಮನೆಗಳಲ್ಲಿ ಇದಕ್ಕೆ ಎರಡು ದಾರಿಯೂ ನಡೆಯುತ್ತದೆ. ಬೆಳಿಗ್ಗೆ ಮೆಡಿಕಲ್ ಸ್ಟೋರಿನ ಮಾತ್ರೆ, ರಾತ್ರಿ ಹಕೀಮರ ಮಾಜೂನು, ನಡುವೆ ಒಮ್ಮೆ ಹಿಜಾಮಾ. ಇದು ತಪ್ಪಲ್ಲ. ರೋಗಕ್ಕೆ ಚಿಕಿತ್ಸೆ ಪಡೆಯಬೇಕೆಂದು ಪ್ರವಾದಿ(ಸ)ಯವರು ಕಲಿಸಿದ್ದಾರೆ, ಹಿಜಾಮಾವನ್ನು ಸ್ವತಃ ಮಾಡಿಸಿಕೊಂಡಿದ್ದಾರೆ. ತಪ್ಪಿರುವುದು ಮುಚ್ಚಿಡುವುದರಲ್ಲಿ. ಡಾಕ್ಟರು ಬೈದಾರೆಂದು ಹಕೀಮರ ಮಾತೆತ್ತುವುದಿಲ್ಲ; ಹಕೀಮರು ಬೇಸರಪಟ್ಟಾರೆಂದು ಮಾತ್ರೆಯ ಚೀಟಿ ತೋರಿಸುವುದಿಲ್ಲ.

ಸೂರಂಜಾನ್‌ನ್ನೇ ನೋಡಿ. ಕೀಲುನೋವಿಗೆ ಯುನಾನಿಯಲ್ಲಿ ಶತಮಾನಗಳಿಂದ ಬಳಕೆಯಲ್ಲಿರುವ ಗೆಡ್ಡೆ ಅದು. ಗೌಟ್ ಎಂಬ ಕೀಲುಬಾವಿಗೆ ಇಂಗ್ಲಿಷ್ ವೈದ್ಯರು ಬರೆಯುವ ಕಾಲ್ಚಿಸಿನ್ ಮಾತ್ರೆಯ ಮೂಲವೂ ಅದೇ ಕುಲದ ಗಿಡ. ಎರಡೂ ಕಡೆಯಿಂದ ತಿಳಿಯದೆ ತೆಗೆದುಕೊಂಡರೆ ಒಂದೇ ಔಷಧ ಎರಡು ಪಾಲು ಹೊಟ್ಟೆ ಸೇರಬಹುದು. ಪ್ರಮಾಣ ಮೀರಿದರೆ ವಾಂತಿ, ಭೇದಿ. ಕಿಡ್ನಿ ದುರ್ಬಲವಾದವರಿಗೆ ಪ್ರಾಣಕ್ಕೇ ಅಪಾಯ. ಹಕೀಮರದ್ದೂ ತಪ್ಪಿಲ್ಲ, ಡಾಕ್ಟರದ್ದೂ ತಪ್ಪಿಲ್ಲ. ಹೇಳಬೇಕಾಗಿದ್ದವರು ನಾವು.

ಹಿಜಾಮಾದಲ್ಲಿ ಚರ್ಮಕ್ಕೆ ಸಣ್ಣ ಗೀರು ಹಾಕಿ ರಕ್ತ ತೆಗೆಯುತ್ತಾರೆ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡು ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರಿಗೆ ರಕ್ತ ಬೇಗ ನಿಲ್ಲದು. ಹಾಗೆಂದು ಹಿಜಾಮಾಕ್ಕಾಗಿ ಆ ಮಾತ್ರೆಯನ್ನು ತಾವಾಗಿ ನಿಲ್ಲಿಸಲೇಬಾರದು. ಸಕ್ಕರೆ ಕಾಯಿಲೆಯವರ ಗಾಯ ನಿಧಾನಕ್ಕೆ ಮಾಯುತ್ತದೆ. ಬ್ಲೇಡ್ ಹೊಸದೇ ಎಂದು ಕೇಳಲು ಸಂಕೋಚ ಬೇಡ. ಹಿಜಾಮಾದಿಂದ ಕೆಲವರ ನೋವು ಸ್ವಲ್ಪ ಕಾಲ ತಗ್ಗುತ್ತದೆ, ಆದರೆ ಸವೆದ ಮಂಡಿ ಮತ್ತೆ ಬೆಳೆಯುವುದಿಲ್ಲ.

ಬೆಂಗಳೂರಿನ ಮಾಗಡಿ ರಸ್ತೆ ಬಳಿಯ ಕೊಟ್ಟಿಗೆಪಾಳ್ಯದಲ್ಲಿ ಕೇಂದ್ರ ಸರ್ಕಾರದ ರಾಷ್ಟ್ರೀಯ ಯುನಾನಿ ವೈದ್ಯಕೀಯ ಸಂಸ್ಥೆಯ ಆಸ್ಪತ್ರೆ ಇದೆ. ಹಿಜಾಮಾ, ದಲ್ಕ್ ಅಂದರೆ ಮಾಲಿಶ್, ರಿಯಾಜತ್ ಅಂದರೆ ವ್ಯಾಯಾಮ, ಇವೆಲ್ಲ ಸೇರುವ ಇಲಾಜ್ ಬಿತ್ ತದ್ಬೀರ್‌ಗೆ ಅಲ್ಲಿ ಬೇರೆಯೇ ವಿಭಾಗವಿದೆ. ಸಂತೆಯಲ್ಲಿ ಕೊಳ್ಳುವ ಹೆಸರಿಲ್ಲದ ಪುಡಿಗಿಂತ ಆ ದೂರದ ಬಸ್ ಪ್ರಯಾಣವೇ ವಾಸಿ. ಎರಡೇ ದಿನಕ್ಕೆ ನೋವು ಮಾಯವಾಗಿ, ಮುಖ ಊದಿ, ಸಕ್ಕರೆ ಏರಿದರೆ ಪುಡಿಯಲ್ಲಿ ಸ್ಟೀರಾಯ್ಡ್ ಬೆರೆತಿರಬಹುದು. ಇತ್ತ ಡೈಕ್ಲೋಫಿನ್ಯಾಕ್‌ನಂಥ ನೋವಿನ ಮಾತ್ರೆಯನ್ನು ಕೇಳದೆ ತಿಂಗಳುಗಟ್ಟಲೆ ನುಂಗಿದರೂ ಹೊಟ್ಟೆ, ಕಿಡ್ನಿ ಕೆಡುತ್ತವೆ.

ನಾವು ಕಂಡಂತೆ ಮಾಜೂನನ್ನೂ ಬಿಡುವುದಿಲ್ಲ, ಮಾತ್ರೆಯನ್ನೂ ಬಿಡುವುದಿಲ್ಲ. ಬಿಡುವುದು ಕಾಸು ಖರ್ಚಿಲ್ಲದ ವ್ಯಾಯಾಮವನ್ನು! ಮಂಡಿನೋವಿನವರು ಕಾಲು ಚಾಚಿ ಕುಳಿತು, ಮಂಡಿಯ ಕೆಳಗೆ ಸುತ್ತಿದ ಟವೆಲ್ ಇಟ್ಟು, ಅದನ್ನು ಕೆಳಕ್ಕೆ ಒತ್ತಿ 5 ಸೆಕೆಂಡು ಹಿಡಿಯಿರಿ. ಹೀಗೆ ಹತ್ತು ಸಲ. ಫಜ್ರ್ ನಂತರ ಒಮ್ಮೆ, ಇಶಾ ನಂತರ ಒಮ್ಮೆ. ನೋವು ಹೆಚ್ಚಾದರೆ ನಿಲ್ಲಿಸಿ, ಫಿಸಿಯೋಥೆರಪಿಯವರನ್ನು ಕಾಣಿ. ಹೋಗುವಾಗ ಎರಡೂ ಚೀಟಿಗಳು ಒಂದೇ ಕವರಿನಲ್ಲಿರಲಿ, ಮಾಜೂನಿನ ಡಬ್ಬಿಯೂ ಜೊತೆಗಿರಲಿ.