ಆಕ್ಟೋಪಸ್ ಬಿಚ್ಚಿ ಟೋಪಿ ಹೆಣೆದೆ

ನಮ್ಮನೆಯಲ್ಲಿ ಅಜ್ಜಿಯ ಕ್ರೋಶಾ ಕಡ್ಡಿ ಮುಟ್ಟದ ಜಾಗ ಇಲ್ಲ. ಬಾಗಿಲಿಗೆ ತೋರಣ, ಟಿ.ವಿ. ಮೇಲೆ ಹೊದಿಕೆ, ಫ್ರಿಜ್ಜಿನ ಹಿಡಿಗೆ ಅಂಗಿ, ಬಿಸಿ ಪಾತ್ರೆ ಇಡಲು ದುಂಡನೆಯ ಮ್ಯಾಟ್. ತೆಂಗಿನೆಣ್ಣೆ ಬಾಟಲಿಗೂ ಒಂದು ಚೀಲ ಇದೆ ಅಂದರೆ ನೀವೇ ಊಹಿಸಿ. ಎರಡು ಕಡ್ಡಿಯಲ್ಲಿ ಸ್ವೆಟರ್ ಹೆಣೆಯುವುದೂ ಅಜ್ಜಿಗೆ ಬರುತ್ತದೆ. ಆದರೆ ಕುಂದಾಪುರದ ಸೆಖೆಯಲ್ಲಿ ಸ್ವೆಟರ್ ಯಾರಿಗೆ ಬೇಕು? ಹಾಗಾಗಿ ಉಲ್ಲನ್ ಬದಿಗಿಟ್ಟು, ಒಂದೇ ಕೊಕ್ಕೆ ಕಡ್ಡಿ ಮತ್ತು ಹತ್ತಿ ನೂಲಿನಲ್ಲೇ ಆಯುಷ್ಯ ಕಳೆದವಳು.

2020ರ ಲಾಕ್‌ಡೌನ್‌ನಲ್ಲಿ ಮೊಬೈಲ್ ನೋಡಿ ನೋಡಿ ಸಾಕಾಗಿ ನಾನೂ ಕಡ್ಡಿ ಹಿಡಿದೆ. ಅಜ್ಜಿ ಹೇಳಿಕೊಟ್ಟದ್ದು ಒಂದೇ ಪಾಠ, ಆರರ ಲೆಕ್ಕ. ಮೊದಲ ಸುತ್ತಿಗೆ 6 ಕುಣಿಕೆ, ಎರಡನೆಯದಕ್ಕೆ 12, ಮೂರನೆಯದಕ್ಕೆ 18. ಹೀಗೆ ಸುತ್ತಿಗೆ ಆರಾರು ಹೆಚ್ಚಿಸುತ್ತಾ ಹೋದರೆ ಮ್ಯಾಟ್ ಚಪಾತಿಯಂತೆ ಸಮ ಕೂರುತ್ತದೆ. ಹೆಚ್ಚಿಸುವುದನ್ನು ನಿಲ್ಲಿಸಿದರೆ ಅಂಚು ಮೇಲೆದ್ದು ಬಟ್ಟಲಾಗುತ್ತದೆ. ಆರಕ್ಕಿಂತ ಜಾಸ್ತಿ ಹಾಕಿದರೆ ನೂಲಿಗೆ ಜಾಗ ಸಾಲದೆ ಅಂಚೆಲ್ಲ ನಿರಿಗೆ ಕಟ್ಟಿಕೊಂಡು ಕುಣಿಯುತ್ತದೆ.

ನನ್ನ ಮೊದಲ ಮ್ಯಾಟ್ ಕುಣಿಯುವ ಜಾತಿಗೇ ಸೇರಿತ್ತು. ಅಜ್ಜಿ ಕೈಯಾಡಿಸಿ ನೋಡಿ, 'ಲೆಕ್ಕ ತಪ್ಪಿತ್ತ್. ಬಿಚ್ಚ್' ಅಂದಳು. ಎರಡು ದಿನದ ಕೆಲಸ ಎರಡು ನಿಮಿಷಕ್ಕೆ ನೂಲಾಯಿತು. ಆ ದಿನ ನಾನು ಊಟ ಬಿಟ್ಟಿದ್ದೆ.

ಆಮೇಲೆ ಗೊತ್ತಾಯಿತು, ಆ ತಪ್ಪಿಗೆ ಗಣಿತದಲ್ಲಿ ದೊಡ್ಡ ಮರ್ಯಾದೆಯೇ ಇದೆ! ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿದ್ದ ಲಾಟ್ವಿಯಾ ಮೂಲದ ಗಣಿತಜ್ಞೆ ಡೈನಾ ಟೈಮಿನಾ 1997ರಲ್ಲಿ ಹೀಗೆ ಕುಣಿಕೆ ಹೆಚ್ಚಿಸುತ್ತಾ ಹೋಗಿಯೇ 'ಹೈಪರ್ಬಾಲಿಕ್' ಜ್ಯಾಮಿತಿಯ ಮಾದರಿಗಳನ್ನು ಕ್ರೋಶಾದಲ್ಲಿ ಮಾಡಿದರು. ಅದರ ಬೆನ್ನಿಗೇ 2005ರಲ್ಲಿ ಆಸ್ಟ್ರೇಲಿಯಾ ಮೂಲದ ಅವಳಿ ಸಹೋದರಿಯರಾದ ಮಾರ್ಗರೆಟ್ ಮತ್ತು ಕ್ರಿಸ್ಟೀನ್ ವರ್ತೈಮ್ ಲಾಸ್ ಏಂಜಲೀಸ್‌ನಲ್ಲಿ ಇಡೀ ಹವಳದ ದಿಬ್ಬವನ್ನೇ ನೂಲಿನಲ್ಲಿ ಹೆಣೆಯಲು ಶುರು ಮಾಡಿದರು. ಅವರ ಊರಿನ ಗ್ರೇಟ್ ಬ್ಯಾರಿಯರ್ ರೀಫ್ ಸಮುದ್ರದ ಬಿಸಿಗೆ ಬಿಳಿಚಿಕೊಳ್ಳುತ್ತಿತ್ತು. ನಮ್ಮ ಮುರುಡೇಶ್ವರದಾಚೆಯ ನೇತ್ರಾಣಿ ದ್ವೀಪದ ಸುತ್ತಲೂ ಹವಳಗಳಿವೆ. ಹವಳದ ಫೋಟೊ ಒಂದನ್ನು ಅಜ್ಜಿಗೆ ತೋರಿಸಿ ಇಷ್ಟೆಲ್ಲ ಹೇಳಿದೆ. ಕನ್ನಡಕ ಏರಿಸಿ ನೋಡಿ, 'ಹಂಗಾರೆ ನಾನ್ ಬಿಚ್ಚ್ಸಿದ್ದ್ ತಪ್ಪಾಯ್ತಾ?' ಅಂತ ನಕ್ಕಳು.

ಕಡಲ ಹುಚ್ಚು ಹಿಡಿದದ್ದು ಅಲ್ಲಿಂದ. ಏಡಿ, ಬಂಗುಡೆ, ಕೋಡಿಯ ದಡಕ್ಕೆ ಮೊಟ್ಟೆಯಿಡಲು ಬರುವ ಕಡಲಾಮೆ ಎಲ್ಲ ಹೆಣೆದೆ. ಇನ್‌ಸ್ಟಾಗ್ರಾಮ್‌ನಲ್ಲಿ ಹಾಕಿದ ಮೇಲೆ ಆರ್ಡರ್ ಬರತೊಡಗಿದವು. ಒಂದು ಆಕ್ಟೋಪಸ್‌ಗೆ ಆರು ಗಂಟೆ ಹಿಡಿಯುತ್ತದೆ. 350 ರೂಪಾಯಿ ಅಂದರೆ, 'ನೂಲಿನ ಗೊಂಬೆಗೆ ಅಷ್ಟಾ? ಆನ್‌ಲೈನಲ್ಲಿ 150ಕ್ಕೆ ಸಿಗುತ್ತೆ' ಅನ್ನುತ್ತಾರೆ. ಸಿಗುತ್ತದೆ, ನಿಜ. ಸ್ವೆಟರಿನ ಹೆಣಿಗೆಗೆ ಯಂತ್ರ ಬಂದು ಎಷ್ಟೋ ಕಾಲವಾಯಿತು. ಕ್ರೋಶಾ ಮಾತ್ರ ಇವತ್ತಿಗೂ ಕೈಯಲ್ಲೇ ಆಗಬೇಕು. ಆ 150ರ ಗೊಂಬೆಯನ್ನೂ ಎಲ್ಲೋ ಒಬ್ಬರು ಕೂತು ಹೆಣೆದಿರುತ್ತಾರೆ. ಅವರಿಗೆ ಎಷ್ಟು ಸಿಕ್ಕಿರಬಹುದು ಅಂತ ಕೇಳಿದವರು ಈವರೆಗೆ ಯಾರೂ ಸಿಕ್ಕಿಲ್ಲ.

ಕಳೆದ ಆಷಾಢದಲ್ಲಿ ಅಕ್ಕನಿಗೆ ಏಳು ತಿಂಗಳು ತುಂಬಿ ಕೆಲವೇ ದಿನಕ್ಕೆ ಹೆರಿಗೆಯಾಯಿತು. ಲೆಕ್ಕದ ಪ್ರಕಾರ 31 ವಾರ. ಗಂಡು ಮಗು, 1 ಕೆ.ಜಿ. 380 ಗ್ರಾಂ. ನಮ್ಮನೆ ಅಡುಗೆಮನೆಯಲ್ಲಿರುವ ತೆಂಗಿನಕಾಯಿ ಅದಕ್ಕಿಂತ ಭಾರ ಇರಬಹುದು ಅಂತ ಭಾವ ಹೇಳಿ, ಹೇಳಿದ ಮೇಲೆ ಅತ್ತುಬಿಟ್ಟರು. ಮಗು ಗಾಜಿನ ಪೆಟ್ಟಿಗೆಯಲ್ಲಿ, ಅಕ್ಕ ವಾರ್ಡಿನಲ್ಲಿ, ನಾವೆಲ್ಲ ಕಾರಿಡಾರಿನ ಬೆಂಚಿನಲ್ಲಿ.

ಸುಮ್ಮನೆ ಕೂರಲು ನನ್ನಿಂದಾಗುವುದಿಲ್ಲ. ಡೆನ್ಮಾರ್ಕಿನಲ್ಲಿ 2013ರಲ್ಲಿ ಶುರುವಾದ ಒಂದು ಪದ್ಧತಿಯ ಬಗ್ಗೆ ಓದಿದ್ದೆ. ಅವಧಿಗೆ ಮುನ್ನ ಹುಟ್ಟಿದ ಶಿಶುಗಳ ಪಕ್ಕ ಕ್ರೋಶಾದ ಪುಟ್ಟ ಆಕ್ಟೋಪಸ್ ಇಡುತ್ತಾರೆ. ಅದರ ಸುರುಳಿ ಕಾಲುಗಳು ಕೈಗೆ ಸಿಕ್ಕಾಗ ಮಗುವಿಗೆ ಹೊಕ್ಕುಳಬಳ್ಳಿ ಹಿಡಿದಂತಾಗುತ್ತದೆ, ಮೈಗೆ ಹಾಕಿದ ನಳಿಗೆಗಳನ್ನು ಕಿತ್ತುಕೊಳ್ಳುವುದಿಲ್ಲ ಎನ್ನುವ ನಂಬಿಕೆ. ವೈದ್ಯರೆಲ್ಲ ಇದನ್ನು ಒಪ್ಪಿಲ್ಲ, ಅದನ್ನೂ ಓದಿದ್ದೆ. ಆದರೂ ಕಟ್ಟುನಿಟ್ಟಾದ ನಿಯಮಗಳಿವೆ: ಪೂರ್ತಿ ಹತ್ತಿ ನೂಲು, 60 ಡಿಗ್ರಿ ಬಿಸಿ ನೀರಿನಲ್ಲಿ ತೊಳೆಯುವಂತಿರಬೇಕು, ಎಳೆದಾಗಲೂ ಕಾಲು 22 ಸೆಂ.ಮೀ. ಮೀರಬಾರದು, ಕಣ್ಣಿಗೆ ಗುಂಡಿ ಇಡದೆ ದಾರದಲ್ಲೇ ಹೊಲಿಯಬೇಕು.

ಮೂರು ದಿನ ಬೆಂಚಿನಲ್ಲೇ ಕೂತು ನೇರಳೆ ನೂಲಿನಲ್ಲಿ ಹೆಣೆದೆ. ತಲೆಗೆ ಎಂಟು ಸುತ್ತು, 48ಕ್ಕೆ ಹೆಚ್ಚಿಸುವುದನ್ನು ನಿಲ್ಲಿಸಿದೆ. ಕಾಲಿಗೆ ಉದ್ದದ ಸರಪಳಿ ಹಾಕಿ, ಪ್ರತಿ ಕೊಂಡಿಗೂ ಮೂರು ಮೂರು ಕುಣಿಕೆ ತುರುಕಿದರೆ ಅದು ತಾನಾಗೇ ಸುರುಳಿ ಸುತ್ತಿಕೊಳ್ಳುತ್ತದೆ. ನನ್ನ ಹಳೆಯ ತಪ್ಪು ಇಲ್ಲಿ ಕೆಲಸಕ್ಕೆ ಬಂತು. ಅಜ್ಜಿ ಬಂದವಳು ಮುಟ್ಟಿ, 'ಇದೆಂತದೇ, ಬೊಂಡಾಸಾ?' ಅಂದಳು. ನಮ್ಮ ಕಡೆ ಮೀನು ಮಾರ್ಕೆಟ್ಟಿನಲ್ಲಿ ಸಿಗುವ ಬೊಂಡಾಸ್ ಬೇರೆ, ಇದು ಬೇರೆ ಅಂತ ಹೇಳುವಷ್ಟು ತಾಳ್ಮೆ ಆಗ ಇರಲಿಲ್ಲ.

ನಾಲ್ಕನೇ ದಿನ ಸಿಸ್ಟರ್ ಕೈಗೆ ಕೊಡಲು ಹೋದೆ. ಅವರು ತಿರುಗಿಸಿ ನೋಡಿ, 'ಚಂದ ಇದೆಯಮ್ಮ, ಆದರೆ ಒಳಗೆ ಬಿಡಲ್ಲ. ಹೊಟ್ಟೆಯೊಳಗೆ ತುಂಬಿದ್ದು ಪೂರ್ತಿ ಒಣಗೋದಿಲ್ಲ, ಸೋಂಕು ಬಂದ್ರೆ ಕಷ್ಟ' ಎಂದು ವಾಪಸ್ ಕೊಟ್ಟರು. ವಾದಿಸಲು ಬಾಯಿ ತೆರೆದೆ. ಹೊರಗೆ ಮೂರು ದಿನದಿಂದ ಮಳೆ ಬಿಟ್ಟಿರಲಿಲ್ಲ, ನಮ್ಮನೆಯ ಟವೆಲ್ಲೇ ಒಣಗಿರಲಿಲ್ಲ. ಬಾಯಿ ಮುಚ್ಚಿದೆ.

ತಿರುಗಿ ಬರುವಾಗ ಸಿಸ್ಟರ್ ಕರೆದರು. 'ಹೆಣೆಯೋಕೆ ಬರುತ್ತಲ್ಲ, ಟೋಪಿ ಮಾಡಿಕೊಡು. ನಾಳೆಯಿಂದ ಕಾಂಗರೂ ಆರೈಕೆ ಶುರು ಮಾಡ್ತೇವೆ.' ಮಗುವನ್ನು ಬರಿಮೈಯಲ್ಲಿ ತಾಯಿಯ ಎದೆಗೆ ಅಂಟಿಸಿ ಕಟ್ಟುವ ಕ್ರಮ ಅದು. 1970ರ ದಶಕದ ಕೊನೆಯಲ್ಲಿ ಕೊಲಂಬಿಯಾದ ಬೊಗೊಟಾದ ಆಸ್ಪತ್ರೆಯಲ್ಲಿ ಪೆಟ್ಟಿಗೆಗಳು ಸಾಲದೆ ಬಂದಾಗ ಡಾ. ಎಡ್ಗರ್ ರೇ ಇದನ್ನು ಶುರು ಮಾಡಿದರಂತೆ. ಈಗ ವಿಶ್ವ ಆರೋಗ್ಯ ಸಂಸ್ಥೆಯೂ ಇದನ್ನೇ ಹೇಳುತ್ತದೆ. ಮೈಗೆ ತಾಯಿಯ ಶಾಖ ಸಿಗುತ್ತದೆ, ತಲೆ ಮಾತ್ರ ಹೊರಗೆ. ಇಷ್ಟು ಪುಟ್ಟ ಮಕ್ಕಳಿಗೆ ತಲೆಯಿಂದಲೇ ಬಹಳ ಶಾಖ ಸೋರಿಹೋಗುತ್ತದೆ. ಅಂಗಡಿಯ ಟೋಪಿ ಹಾಕಿದರೆ ನಮ್ಮ ಮಾಣಿಯ ಗಲ್ಲದವರೆಗೆ ಇಳಿಯುತ್ತಿತ್ತು. ತಲೆಯ ಸುತ್ತಳತೆ 28 ಸೆಂ.ಮೀ. ಅಂತ ಚೀಟಿಯಲ್ಲಿ ಬರೆದುಕೊಟ್ಟರು.

ಮನೆಗೆ ಬಂದಾಗ ರಾತ್ರಿ ಎಂಟೂವರೆ. ಅಂಗಡಿ ಮುಚ್ಚಿತ್ತು, ಹತ್ತಿ ನೂಲು ಬೇರೆ ಇರಲಿಲ್ಲ. ಮನೆಯಲ್ಲಿದ್ದದ್ದು ಚುಚ್ಚುವ ಅಕ್ರಿಲಿಕ್. ಆಕ್ಟೋಪಸ್ ಹಿಡಿದುಕೊಂಡು ಅಜ್ಜಿಯ ಪಕ್ಕ ಕೂತೆ. ಅವಳು ಕಾರಣ ಕೇಳಲಿಲ್ಲ.

'ಬಿಚ್ಚ್ ಹೆಣ್ಣೆ. ನೂಲ್ ಎಲ್ಲಿಗ್ ಹೋತ್ತ್?'

ಮೊದಲು ಹೊಲಿದ ಕಣ್ಣು ತೆಗೆದೆ. ಹೊಟ್ಟೆಯ ಹತ್ತಿ ಹೊರಗೆಳೆದೆ. ಕಾಲು ಒಂದೊಂದಾಗಿ ಹೋದವು, ಅಜ್ಜಿ ಬಿಚ್ಚಿದ ನೂಲನ್ನು ಉಂಡೆ ಸುತ್ತುತ್ತಾ ಬಂದಳು. ತಲೆಯ ಎಂಟನೇ ಸುತ್ತಿಗೆ ಬಂದಾಗ ನನ್ನ ಕೈ ತಡೆದು, 'ಸಾಕ್' ಅಂದಳು. ಕಣ್ಣಿನ ಪೊರೆ ತೆಗೆಸಿದ ಮೇಲೂ ಅವಳಿಗೆ ಸಣ್ಣದು ಕಾಣುವುದಿಲ್ಲ. ಬೆರಳಲ್ಲೇ ಕುಣಿಕೆ ಎಣಿಸಿದಳು, ನಲವತ್ತೆಂಟು. ಚೀಟಿಯ ಅಳತೆಯ ಟೇಪಿನ ಮೇಲೆ ಬೆರಳಿಟ್ಟು, ಇನ್ನು ಒಂದೇ ಸುತ್ತು ಹೆಚ್ಚಿಸು ಎಂದಳು. 54. ಅಲ್ಲಿಂದ ನೇರ ಕೆಳಗೆ. ಎಂಟು ಕಾಲಿನ ನೂಲು ಟೋಪಿಯ ಗೋಡೆಗೆ ಸಾಲಿ ಇನ್ನೂ ಮಿಕ್ಕಿತು. ಬೆಳಗಿನ ಜಾವ ಬಿಸಿ ನೀರಲ್ಲಿ ಕುದಿಸಿ, ಬಿಸಿಲಿಲ್ಲದ್ದಕ್ಕೆ ಇಸ್ತ್ರಿ ಪೆಟ್ಟಿಗೆಯಲ್ಲೇ ಒಣಗಿಸಿದೆವು.

ಅಕ್ಕನ ಎದೆಯ ಮೇಲೆ ನೇರಳೆ ಟೋಪಿಯ ಸಣ್ಣ ತಲೆಯನ್ನು ಬಾಗಿಲ ಗಾಜಿನಿಂದ ನೋಡಿದೆ. ಆ ವಾರ ಸಿಸ್ಟರ್ ಇನ್ನೂ ಆರು ಟೋಪಿ ಕೇಳಿದರು, ಪಕ್ಕದ ಪೆಟ್ಟಿಗೆಯ ಮಕ್ಕಳಿಗೆ. ಈಗಲೂ ತಿಂಗಳಿಗೊಮ್ಮೆ ಕಟ್ಟಿ ಕಳಿಸುತ್ತೇವೆ. 350 ರೂಪಾಯಿಯ ಆರ್ಡರುಗಳು ಸ್ವಲ್ಪ ತಡವಾಗುತ್ತಿವೆ, ಬೈಯಬೇಡಿ.

ಮಾಣಿ 36ನೇ ದಿನ ಮನೆಗೆ ಬಂದ. ಅವನಿಗೀಗ ಎಂಟು ತಿಂಗಳು. ಇನ್ನೊಂದು ಆಕ್ಟೋಪಸ್ ಹೆಣೆದುಕೊಟ್ಟಿದ್ದೇನೆ. ಅದರ ಒಂದು ಕಾಲು ಯಾವಾಗಲೂ ಅವನ ಬಾಯಲ್ಲಿರುವುದರಿಂದ ಏಳು ಕಾಲು ಸುರುಳಿ ಇದ್ದು, ಅದೊಂದು ಬಾಳೆನಾರಿನಂತೆ ನೇರವಾಗಿದೆ. ಅಜ್ಜಿ ದಿನಾ ಹೇಳುತ್ತಾಳೆ, 'ಬೊಂಡಾಸಿನ ಕಾಲ್ ಬಿಚ್ಚಿ ಹೊಸ್ತ್ ಹಾಕ್.' ಬಿಚ್ಚಲು ಅವನು ಬಿಟ್ಟರೆ ತಾನೆ?