ಗೊರೊಂಗೊರೊ ಕೊಪ್ಪರಿಗೆಯಲ್ಲಿ ಒಂದು ಹಗಲು

ಸಫಾರಿ ಎಂಬುದು ಸ್ವಾಹಿಲಿ ಭಾಷೆಯ ಮಾತು. ಕೇಳಿದೊಡನೆ ಬಂದೂಕು, ಬೇಟೆ, ಗೋಡೆಗೆ ತೂಗುಹಾಕಿದ ಕೊಂಬುಗಳು ನೆನಪಾಗುವುದುಂಟಾದರೂ ಅದರ ಅರ್ಥ ಇಷ್ಟೇ: ಪಯಣ. ಅರಬ್ಬೀ ಮೂಲದಿಂದ ಬಂದು ನಮ್ಮಲ್ಲಿಯೂ ಪರಿಚಿತವಾಗಿರುವ ‘ಸಫರ್’ ಇದರ ಒಡಹುಟ್ಟು. ಇಂದು ಪೂರ್ವ ಆಫ್ರಿಕೆಯಲ್ಲಿ ಸಫಾರಿಗೆ ಹೊರಡುವವರು ಬಹುಮಟ್ಟಿಗೆ ಒಯ್ಯುವುದು ದುರ್ಬೀನನ್ನು, ಕ್ಯಾಮೆರಾವನ್ನು, ಮಕ್ಕಳಿದ್ದರೆ ಬುತ್ತಿಯನ್ನು.

ಮಕ್ಕಳಿಬ್ಬರೊಡನೆ ನಾವು ಇಂಥದೊಂದು ದಿನವನ್ನು ಕಳೆದದ್ದು ಟಾಂಜಾನಿಯಾದ ಉತ್ತರ ಭಾಗದಲ್ಲಿರುವ ಗೊರೊಂಗೊರೊದಲ್ಲಿ. ಸುಮಾರು 25 ಲಕ್ಷ ವರ್ಷಗಳ ಹಿಂದೆ ಇಲ್ಲೊಂದು ಮಹಾ ಅಗ್ನಿಪರ್ವತವಿತ್ತು. ಒಡಲಿನ ಲಾವಾರಸವನ್ನೆಲ್ಲ ಹೊರಚೆಲ್ಲಿದ ಮೇಲೆ ಆಧಾರ ತಪ್ಪಿ ಅದರ ಶಿಖರ ಒಳಕ್ಕೇ ಕುಸಿಯಿತು. ಉಳಿದದ್ದು ಸುತ್ತಲೂ 2,000 ಅಡಿ ಎತ್ತರದ ಗೋಡೆ, ನಡುವೆ 100 ಚದರ ಮೈಲಿಯ ಬಯಲು. ಭೂವಿಜ್ಞಾನಿಗಳು ಇದನ್ನು ‘ಕ್ಯಾಲ್ಡೆರಾ’ ಎನ್ನುತ್ತಾರೆ. ಸ್ಪ್ಯಾನಿಷ್ ಭಾಷೆಯಲ್ಲಿ ಹಾಗೆಂದರೆ ಕೊಪ್ಪರಿಗೆ. ಈ ಕೊಪ್ಪರಿಗೆಯೊಳಗೆ ಸುಮಾರು 25,000 ದೊಡ್ಡ ಪ್ರಾಣಿಗಳು ಬಾಳುತ್ತವೆ.

ಜುಲೈ ತಿಂಗಳ ಬೆಳಗು. ಅಂಚಿನ ಎತ್ತರ 7,500 ಅಡಿ. ಸಮಭಾಜಕ ವೃತ್ತಕ್ಕೆ ಇಷ್ಟು ಸಮೀಪದಲ್ಲಿ ಇಂಥ ಚಳಿಯೇ ಎಂದು ನನ್ನಾಕೆ ಶಾಲನ್ನು ಬಿಗಿಯಾಗಿ ಸುತ್ತಿಕೊಂಡಳು. ಕೆಳಗೆ ಮಂಜಿನ ಹೊರತು ಬೇರೇನೂ ಕಾಣದು. ಜೀಪು ತಿರುವು ತಿರುವಾಗಿ ಇಳಿದಂತೆ ಮಂಜು ಹರಿದು, ಒಣಹುಲ್ಲಿನ ಬಯಲೂ ಅದರ ನಡುವೆ ಮಗಾಡಿ ಸರೋವರದ ಉಪ್ಪಿನ ಬಿಳುಪೂ ತೋರಿದವು. ಸರೋವರದ ಅಂಚಿಗೆ ಗುಲಾಬಿ ಬಣ್ಣದ ಕಿರುಗೆರೆಯೊಂದಿತ್ತು. ದುರ್ಬೀನಿನಲ್ಲಿ ನೋಡಿದರೆ ಅದು ಫ್ಲೆಮಿಂಗೋ ಹಕ್ಕಿಗಳ ಸಾಲು!

ನಮ್ಮ ಸಾರಥಿ ಈ ನೆಲದವನೇ. ಅವನು ಹೇಳಿದ ನಿಯಮಗಳು ಸರಳ: ಗೊತ್ತುಮಾಡಿದ ಎಡೆಯ ಹೊರತು ಕೆಳಗಿಳಿಯಕೂಡದು, ದಾರಿ ಬಿಟ್ಟು ಹೋಗಕೂಡದು, ಕೂಗಕೂಡದು, ಸಂಜೆ ಆರರೊಳಗೆ ಹೊರಬೀಳಬೇಕು. ಮಗಳು ಪುಸ್ತಕ ತೆರೆದು ಕಂಡ ಪ್ರಾಣಿಗಳ ಪಟ್ಟಿಯನ್ನು ತೊಡಗಿದಳು. ಪಟ್ಟೆಕುದುರೆ, ವೈಲ್ಡ್‌ಬೀಸ್ಟ್, ಗೆಜೆಲ್, ಕಾಡೆಮ್ಮೆ, ಕಾಡುಹಂದಿ—ಪುಟ ಬೇಗನೆ ತುಂಬಿತು. “ಜಿರಾಫೆ ಎಲ್ಲಿ?” ಎಂದ ಮಗ. ಜಿರಾಫೆ ಮೇಲಿನ ಕಾಡುಗಳಲ್ಲಿ ಮಾತ್ರ; ಗೋಡೆ ಕಡಿದು, ಬಯಲಿನಲ್ಲಿ ಮೇಯಲು ಮರಗಳೂ ವಿರಳವಾದ್ದರಿಂದ ಅದು ಒಳಗಿಳಿಯುವುದಿಲ್ಲವಂತೆ.

ಒಂಬತ್ತರ ವೇಳೆಗೆ ಒಂದು ನೋಟ ನಮ್ಮೆಲ್ಲರ ಉಸಿರನ್ನು ಹಿಡಿದು ನಿಲ್ಲಿಸಿತು. ಏಳೆಂಟು ಕತ್ತೆಕಿರುಬಗಳು ವೈಲ್ಡ್‌ಬೀಸ್ಟಿನ ಕಳೇಬರವನ್ನು ಮುತ್ತಿಕೊಂಡಿದ್ದವು. ಹುಲ್ಲಿನೊಳಗಿಂದ ಎರಡು ಹೆಣ್ಣುಸಿಂಹಗಳು ಅವಸರವಿಲ್ಲದೆ ನಡೆದುಬಂದವು. ಕಿರುಬಗಳು ಊಳಿಡುತ್ತ ಹಿಂದೆ ಸರಿದವು. “ಕಳ್ಳರು ಓಡಿದರು” ಎಂದಳು ಮಗಳು. ಸಾರಥಿ ನಕ್ಕ: “ಬೇಟೆಯಾಡಿದವರು ಓಡಿದರು, ಮಗಳೆ.” 1960ರ ದಶಕದಲ್ಲಿ ಹಾನ್ಸ್ ಕ್ರೂಕ್ ಎಂಬ ಪ್ರಾಣಿವಿಜ್ಞಾನಿ ಇದೇ ಬಯಲಿನಲ್ಲಿ ರಾತ್ರಿಗಳನ್ನು ಕಳೆದು, ಇಲ್ಲಿನ ಕತ್ತೆಕಿರುಬಗಳು ಬಹುಪಾಲು ಆಹಾರವನ್ನು ತಾವೇ ಕೊಲ್ಲುತ್ತವೆಂದೂ ಅನೇಕ ವೇಳೆ ಅದನ್ನು ಕಸಿಯುವುದು ಸಿಂಹವೆಂದೂ ಕಂಡುಕೊಂಡನು. ಹಗಲಿನಲ್ಲಿ ಬರುವವರಿಗೆ ಕಾಣುವುದು ಕಥೆಯ ಕೊನೆಯಷ್ಟೆ.

ನಡುಹಗಲಿಗೆ ನೀರಾನೆಗಳಿರುವ ಕೊಳವೊಂದರ ದಂಡೆಯಲ್ಲಿ ಬುತ್ತಿ ಬಿಚ್ಚಿದೆವು. ಇಳಿಯಲು ಅಪ್ಪಣೆಯಿದ್ದ ಎಡೆಯಾದರೂ ಜನರು ಜೀಪಿನೊಳಗೇ ಉಣ್ಣುತ್ತಾರೆ. ಹದ್ದುಗಳು ಕೈಯಿಂದಲೇ ತುತ್ತನ್ನು ಎಗರಿಸುತ್ತವೆ. ಈ ಮಾತನ್ನು ಪರೀಕ್ಷಿಸಹೊರಟ ಮಗ ಅರ್ಧ ರೊಟ್ಟಿಯನ್ನು ಆಕಾಶಕ್ಕೆ ಒಪ್ಪಿಸಿ ಬಂದ.

ಮೂರು ಗಂಟೆಗೆ ಜೀಪುಗಳ ಸಾಲೊಂದು ನಿಶ್ಶಬ್ದವಾಗಿ ನಿಂತಿತ್ತು. ಎಲ್ಲ ದುರ್ಬೀನುಗಳೂ ಒಂದೇ ದಿಕ್ಕಿಗೆ. ದೂರದಲ್ಲಿ ಬಂಡೆಯಂಥ ಕಪ್ಪು ಚುಕ್ಕೆ. ಮುಕ್ಕಾಲು ಗಂಟೆ ಕಾದ ಮೇಲೆ ಅದು ತಲೆಯೆತ್ತಿತು: ಎರಡು ಕೊಂಬಿನ ಕಪ್ಪು ಖಡ್ಗಮೃಗ. ಹಿಂದೆಯೇ ಒಂದು ಮರಿ. “ಇಷ್ಟೇನಾ?” ಎಂದ ಮಗ.

ಸಾರಥಿ ಬೇಸರಪಡದೆ ಲೆಕ್ಕ ಹೇಳಿದ. 1960ರ ದಶಕದಲ್ಲಿ ಈ ಕೊಪ್ಪರಿಗೆಯಲ್ಲಿ ನೂರಕ್ಕೂ ಹೆಚ್ಚು ಖಡ್ಗಮೃಗಗಳಿದ್ದವು. 1990ರ ದಶಕದ ನಡುವಿಗೆ ಹದಿನೈದೂ ಉಳಿದಿರಲಿಲ್ಲ. ಇಡೀ ಆಫ್ರಿಕೆಯಲ್ಲಿ 1970ರ ಸುಮಾರಿಗೆ 65,000 ಇದ್ದ ಕಪ್ಪು ಖಡ್ಗಮೃಗಗಳು ಅದೇ ಕಾಲಕ್ಕೆ 2,500ಕ್ಕೂ ಕೆಳಗಿಳಿದವು. ನಮ್ಮ ಉಗುರಿನಲ್ಲಿರುವ ಪದಾರ್ಥವೇ ಆದ ಕೊಂಬಿಗಾಗಿ, ಯೆಮನಿನ ಕಠಾರಿಯ ಹಿಡಿಗಾಗಿ, ಪೂರ್ವದೇಶಗಳ ಔಷಧಿಗಾಗಿ ಈ ಸಂಹಾರ. ಹಗಲಿರುಳಿನ ಕಾವಲಿನಿಂದ ಸಂಖ್ಯೆ ಮತ್ತೆ ಏರಿ ಈಗ 6,000ವನ್ನು ದಾಟಿದೆ. ಮಗ ದುರ್ಬೀನನ್ನು ಇನ್ನೊಮ್ಮೆ ಕೇಳಿ ಪಡೆದ.

ಆದರೆ ಈ ಕಾವಲಿಗೆ ಬೆಲೆ ತೆತ್ತವರು ಬೇರೆಯೂ ಇದ್ದಾರೆ. ಅವರನ್ನು ಕಂಡದ್ದು ಸಂಜೆ, ಗೋಡೆ ಹತ್ತಿ ಅಂಚಿಗೆ ಬಂದಾಗ. ಕೆಂಪು ಹೊದಿಕೆಯ ಮಸಾಯಿ ಹುಡುಗರು ದನಗಳನ್ನು ಹೊಡೆದುಕೊಂಡು ಹೋಗುತ್ತಿದ್ದರು. 1959ರಲ್ಲಿ ಸೆರೆಂಗೆಟಿ ಉದ್ಯಾನವನ್ನು ಪ್ರಾಣಿಗಳಿಗೇ ಮೀಸಲಿಟ್ಟಾಗ ಅಲ್ಲಿಂದ ಹೊರಬಂದ ಮಸಾಯಿಗಳಿಗೆ ಗೊರೊಂಗೊರೊದಲ್ಲಿ ಮೃಗಗಳ ಜೊತೆಗೇ ಬಾಳುವ ಅವಕಾಶ ದೊರೆಯಿತು. 1974ರಲ್ಲಿ ಕೊಪ್ಪರಿಗೆಯ ತಳದಲ್ಲಿದ್ದ ಅವರ ಹಟ್ಟಿಗಳನ್ನು ತೆರವು ಮಾಡಿಸಲಾಯಿತು. ಜನ, ದನ ಎರಡೂ ಮಿತಿಮೀರಿವೆಯೆಂದು ಹೇಳಿ ಸರಕಾರವು 2022ರಿಂದ ಅವರನ್ನು ದೂರದ ಮ್ಸೊಮೆರಾ ಎಂಬಲ್ಲಿಗೆ ಸಾಗಿಸತೊಡಗಿತು. ಹೋಗುವುದು ಅವರವರ ಇಷ್ಟವೆಂಬುದು ಸರಕಾರದ ಮಾತು. ಹಿರಿಯರ ನೆಲವನ್ನು ಬಿಡಿಸುವ ಬಲವಂತವಿದೆಂದು ಮಸಾಯಿಗಳಲ್ಲಿ ಅನೇಕರ ದೂರು. ಸಿಂಹದ ಜೊತೆಗೆ ದನ ಮೇಯಿಸಿ ಬಾಳಿದವರು ಅವರು. ಖಡ್ಗಮೃಗವನ್ನು ಕೊಂಬಿಗಾಗಿ ಕೊಳ್ಳುತ್ತಿದ್ದವರು ಬಹುದೂರದವರು. ಒಂದು ಹಗಲಿಗೆ ಹಣ ತೆತ್ತು ಇಳಿಯುವ ನಮ್ಮಂಥವರು ಇದನ್ನೂ ನೋಡಿ ಬರಬೇಕಾದೀತು.

ಮಗಳ ಪಟ್ಟಿಯಲ್ಲಿ ಇಪ್ಪತ್ತಮೂರು ಹೆಸರುಗಳಾಗಿದ್ದವು. “ಈ ದನಗಳನ್ನೂ ಬರೆಯಲೇ?” ಎಂದಳು. “ಅವು ಕಾಡುಪ್ರಾಣಿಗಳಲ್ಲವಲ್ಲ” ಎಂದ ತಮ್ಮ. “ಇಲ್ಲಿಯವೇ ಅಲ್ಲವೆ?” ಎಂದು ಅವಳು ಮರುನುಡಿದು, ಇಪ್ಪತ್ತನಾಲ್ಕನೆಯದಾಗಿ ಬರೆದುಕೊಂಡಳು.